ಇನ್ನೂ ಕಚ್ಚುತ್ತೆ

"ಮಗ್ಗುಲು ಬದಲಾಯಿಸಿದ್ಯೇನೇ?" ಎಂದು ಅತ್ತೆ ಹಜಾರದಿಂದಲೇ ಕೇಳಿದಾಗ ಚಿಕ್ಕಿ ಹಿಂದಿನ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. "ಬದಲಾಯಿಸ್ತಾ ಇದೀನಿ ಅತ್ತೆ" ಅಂದಳು. ಪೂರಾ ಸುಳ್ಳೇನಲ್ಲ, ಇನ್ನೇನು ಮಾಡುವವಳೇ. ಆದರೂ ಈ ಮನೆಗೆ ಬಂದ ಮೇಲೆ ಮಾತು ಮುಂದೆ ಹೋಗಿ ಕೆಲಸ ಅದರ ಹಿಂದೆ ಓಡಿಬರುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಅತ್ತೆ ಕೇಳಿದ್ದು ಸೋಪಿನ ಬಿಲ್ಲೆಗಳ ಬಗ್ಗೆ. ಸೋಪಿಗೆ ಮಗ್ಗುಲು ಎಲ್ಲಿಂದ ಬರಬೇಕು, ತಿರುಗಿಸಿ ಇಟ್ಟೆಯಾ ಅಂತ ಕೇಳಿದರೆ ಸಾಲದೇ ಎಂದು ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಕೋಣೆಯ ಗೋಡೆಯುದ್ದಕ್ಕೂ ಸಂದು ಬಿಟ್ಟು ಹೊಡೆದ ಮರದ ಪಟ್ಟಿಗಳ ಗೂಡು. ಮೇಲಿನ ಸಾಲುಗಳಲ್ಲಿ ಅಕ್ಕನ ಬಿಲ್ಲೆಗಳು, ಕೆಳಗೆ ನೆಲದ ಹತ್ತಿರ ಚಿಕ್ಕಿಯವು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಗಂಡನ ಮೊದಲ ಹೆಂಡತಿ, ಚಿಕ್ಕಿ ಕಣ್ಣಿಂದಲೂ ನೋಡದವಳು, ತೀರಿಕೊಂಡು ವರ್ಷದ ಮೇಲಾಗಿದೆ. ಅಕ್ಕ ಅನ್ನಬೇಕು ಎಂದು ಬಂದ ದಿನವೇ ಅತ್ತೆ ಹೇಳಿಕೊಟ್ಟರು, ಇವಳು ಅನ್ನುತ್ತ ಬಂದಳು. ಹಾಗೆಯೇ ಆ ಅಕ್ಕನ ಮಗಳು ಇವಳನ್ನು ಚಿಕ್ಕಿ ಎಂದು ಕರೆದಳು. ಅದನ್ನೇ ಪಕ್ಕದ ಮನೆಯವರು ಹಿಡಿದರು, ಅತ್ತೆ ಹಿಡಿದರು, ಕೊನೆಗೆ ಗಂಡನೂ ಹಿಡಿದ. ಅವಳ ಸ್ವಂತ ಹೆಸರು ತವರಿಂದ ತಂದ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ.

ಒಳಗೆ ಬಂದರೆ ಮೊದಲು ಮುಖಕ್ಕೆ ತಟ್ಟುವುದು ವಾಸನೆ. ಹೂವಿನದಲ್ಲ, ಅತ್ತರಿನದಲ್ಲ, ಒಗೆದು ನೆರಳಲ್ಲಿ ಒಣಗಿಸಿದ ಬಟ್ಟೆಯ ವಾಸನೆ. ಮಾಗಲು ಇಟ್ಟ ಸೋಪು ನೀರು ಬಿಡುತ್ತದೆ, ಕಣ್ಣಿಗೆ ಕಾಣದ ಹಾಗೆ, ದಿನಾ ಒಂದಿಷ್ಟು. ಹಗುರಾಗುತ್ತದೆ, ಕುಗ್ಗುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. ಅದು ಬಿಟ್ಟ ನೀರೆಲ್ಲ ಈ ಕೋಣೆಯ ಗಾಳಿಯಲ್ಲಿದೆ ಎಂದು ಒಮ್ಮೆ ಹೊಳೆದ ಮೇಲೆ ಚಿಕ್ಕಿ ಇಲ್ಲಿ ಬಾಯಿ ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದಳು. ಒಂದೊಂದೇ ಬಿಲ್ಲೆ ಎತ್ತಿ, ಗಾಳಿ ತಾಗದ ಬದಿಯನ್ನು ಮೇಲೆ ಮಾಡಿ, ಒಂದಕ್ಕೊಂದು ತಾಗದ ಹಾಗೆ ಇಡಬೇಕು. ಹಲಗೆಗೆ ಬಡಿದು ಸದ್ದಾದರೆ ಹಜಾರದಿಂದ "ಮೆಲ್ಲಗೆ ಕಣೇ" ಎಂದು ಬರುತ್ತದೆ, ಯಾರಿಗೋ ನೋವಾಯಿತು ಅನ್ನುವ ಹಾಗೆ. ಈ ಗೂಡು ಇರುವ ಜಾಗದಲ್ಲೇ ಅಕ್ಕನ ಮಂಚವಿತ್ತು. ಬೆನ್ನು ಹುಣ್ಣಾಗದಿರಲೆಂದು ಅತ್ತೆಯೇ ಅವಳನ್ನು ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿಸುತ್ತಿದ್ದರಂತೆ. "ಕೊನೆಕೊನೆಗೆ ಎಷ್ಟು ಹಗುರಾಗಿಬಿಟ್ಲು ಅಂದ್ರೆ ಒಂದೇ ಕೈಲಿ ಆಗೋದು" ಎಂದು ಒಂದು ಸಲ ತರಕಾರಿ ಹೆಚ್ಚುತ್ತ, ತರಕಾರಿಯ ಬಗ್ಗೆ ಹೇಳಿದಷ್ಟೇ ಸಲೀಸಾಗಿ ಹೇಳಿದ್ದರು. ಅದನ್ನು ಕೇಳಿದಂದಿನಿಂದ ಚಿಕ್ಕಿ ಬಿಲ್ಲೆಗಳಿಗೆ ಎರಡೂ ಕೈ ಹಾಕುತ್ತಾಳೆ. ಮೇಲಿನ ಸಾಲುಗಳ ಈ ಸೋಪು ಅಕ್ಕ ಮಂಚ ಹಿಡಿಯುವ ಮುಂಚೆ ಮಾಡಿದ ಕೊನೆಯದು. ಅವಳು ಕುರ್ಚಿಯಲ್ಲಿ ಕೂತು ಹೇಳಿದಳು, ಅತ್ತೆ ಕಡೆದರು. ಅಚ್ಚಿನಿಂದ ತೆಗೆದು ಕುಯ್ದ ಮೇಲೆ, ಇನ್ನೂ ಬೆಣ್ಣೆಯ ಹಾಗಿದ್ದಾಗ, ಪ್ರತಿಯೊಂದರ ಮೂಲೆಗೂ ಅಕ್ಕ ತನ್ನ ಹೆಬ್ಬೆಟ್ಟು ಒತ್ತಿದಳು, ಅದು ಅವಳ ಗುರುತು. ಸೋಪು ಒಣಗಿ ಕುಗ್ಗಿದ ಹಾಗೆ ಆ ಗುಳಿಯೂ ಕುಗ್ಗಿತು. ಒಂದು ದಿನ ಚಿಕ್ಕಿ ಸುಮ್ಮನೆ ತನ್ನ ಹೆಬ್ಬೆಟ್ಟನ್ನು ಅದರಲ್ಲಿಟ್ಟು ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತುಕೊಂಡಿತು. ಚಿಕ್ಕಿಯ ಕೈ ಮೊದಲೇ ಸಣ್ಣದು. ಸತ್ತವಳ ಬೆರಳು ಕುಗ್ಗುತ್ತ ಕುಗ್ಗುತ್ತ ತನ್ನ ಬೆರಳಿನಷ್ಟಾಗಿ ನಿಂತುಕೊಂಡು ತನಗೇ ಕಾದಿತ್ತೇನೋ ಅನ್ನಿಸಿ ಅವಳು ಕೈ ಹಿಂದಕ್ಕೆಳೆದುಕೊಂಡು, ಆ ದಿನವೆಲ್ಲ ಆ ಬೆರಳನ್ನು ಮಡಿಚಿಕೊಂಡೇ ಓಡಾಡಿದಳು.

ಬರೀ ಆಲಿವ್ ಎಣ್ಣೆಯಿಂದ ಮಾಡಿದ ಸೋಪಿಗೆ ಅವಸರ ಅನ್ನುವುದೇ ಗೊತ್ತಿಲ್ಲ. ಬೇರೆ ಎಣ್ಣೆಯವು ಬೇಗ ಗಟ್ಟಿಯಾಗಿ ಬಚ್ಚಲಿಗೆ ಹೋಗುತ್ತವೆ. ಇದಕ್ಕೆ ವರ್ಷವೇ ಬೇಕು. ಅದಕ್ಕೆ ಮುಂಚೆ ಮುಟ್ಟಿದಿರೋ, ನೊರೆಯ ಬದಲು ಲೋಳೆ ಬರುತ್ತದೆ, ಬೆರಳಿನಿಂದ ಬೆರಳಿಗೆ ಎಳೆ ಎಳೆಯಾಗಿ. ಮಾಗಿದ ಮೇಲೆ ಮಾತ್ರ ನುಣ್ಣಗಿನ, ಗಟ್ಟಿ, ಹಾಲಿನ ಕೆನೆಯಂಥ ನೊರೆ. ಆಯಿತೋ ಇಲ್ಲವೋ ಹೇಳುವುದು ಈ ಮನೆಯಲ್ಲಿ ನಾಲಿಗೆ. ಬಿಲ್ಲೆಯ ಅಂಚಿಗೆ ನಾಲಿಗೆಯ ತುದಿ ಮುಟ್ಟಿಸುವುದು. ಎಣ್ಣೆಯನ್ನು ಸೋಪು ಮಾಡಲು ಹಾಕಿದ ಕಾಸ್ಟಿಕ್ ಸೋಡಾ ಅದಕ್ಕೆ ಸೇರದೆ ಉಳಿದಿದ್ದರೆ ಬ್ಯಾಟರಿ ಸೆಲ್ಲು ನೆಕ್ಕಿದ ಹಾಗೆ ಚುರ್ರೆನ್ನುತ್ತದೆ, ಕಚ್ಚುತ್ತದೆ. ಅಂಥದ್ದು ಮೈಗೆ ಹಾಕಿದರೆ ಚರ್ಮ ಸುಡುತ್ತದೆ. ಕಚ್ಚದಿದ್ದರೆ ಬರೀ ಸೋಪಿನ ರುಚಿ, ಅದೇನು ಬಾಯಿ ಚಪ್ಪರಿಸುವಂಥದ್ದಲ್ಲ ಬಿಡಿ. ಅಕ್ಕ ಇದ್ದಾಗಲೂ ನಾಲಿಗೆ ಅತ್ತೆಯದೇ, ಈಗಲೂ ಅವರದೇ. ಆಗಾಗ ಬಂದು ಮೇಲಿನ ಸಾಲಿಂದ ಒಂದು ಬಿಲ್ಲೆ ತೆಗೆದು, ಅಂಗೈಯಿಂದ ಒರೆಸಿ, ನಾಲಿಗೆ ಮುಟ್ಟಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ "ಇನ್ನೂ ಕಚ್ಚುತ್ತೆ" ಎಂದು ಇದ್ದಲ್ಲೇ ಇಟ್ಟು ಹೋಗುತ್ತಿದ್ದರು. ಅವರು ಹೋದ ಮೇಲೂ ಬಿಲ್ಲೆಯ ಅಂಚಿನಲ್ಲಿ ಎಂಜಲಿನ ಒದ್ದೆ ಸ್ವಲ್ಪ ಹೊತ್ತು ಮಿನುಗುತ್ತಿರುತ್ತಿತ್ತು, ಚಿಕ್ಕಿ ಅದು ಆರುವವರೆಗೆ ನೋಡುತ್ತಿದ್ದಳು.

ಇದೆಲ್ಲ ಯಾರಿಗೂ ತೊಂದರೆಯಿಲ್ಲದೆ ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಮೊಂಡಿಯ ಮೈ ಒಂದು ಇರದಿದ್ದರೆ. ಮೊಂಡಿ ಅನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಹುಟ್ಟುವಾಗಲೇ ಬರಲ್ಲ ಎಂದು ಹಟ ಹಿಡಿದು ಡಾಕ್ಟರ ಬೆವರಿಳಿಸಿದವಳು, ಈಗ ಎರಡನೇ ಕ್ಲಾಸಿನಲ್ಲಿ ಮೇಷ್ಟ್ರ ಬೆವರಿಳಿಸುತ್ತಿದ್ದಾಳೆ. ಅವಳ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂಭಾಗದಲ್ಲಿ ಚರ್ಮ ಒಣಗಿ ಬಿರಿಯುತ್ತದೆ, ಕೆರೆದು ಕೆರೆದು ರಕ್ತ ಮಾಡಿಕೊಳ್ಳುತ್ತಾಳೆ. ಅಂಗಡಿ ಸೋಪು ಮುಟ್ಟಿಸುವ ಹಾಗಿಲ್ಲ. ಅಕ್ಕ ಸೋಪು ಮಾಡುವುದನ್ನು ಕಲಿತದ್ದೇ ಇವಳಿಗೋಸ್ಕರ. ಹಿಂದೆ ಮಾಗಿಸಿಟ್ಟದ್ದು ತೀರುತ್ತ ಬಂದು, ಕೊನೆಯ ಚೂರು ಬೆರಳ ಸಂದಿಯಲ್ಲಿ ಕರಗಿ ಬಚ್ಚಲ ತೂತಿನಲ್ಲಿ ಹೋದಾಗ ಚಿಕ್ಕಿ ಹೊಸದಾಗಿ ಬಂದಿದ್ದಳು. ನಾನು ಮಾಡುತ್ತೇನೆ ಎಂದು ಮುಂದೆ ಬಿದ್ದು ಹೇಳಿದಳು, ಯಾರೂ ಕೇಳಿರಲಿಲ್ಲ. ಅವಳ ಮೊದಲ ಸೋಪನ್ನು ಮೈಗೆ ಹಚ್ಚಿದಾಗ ಮೊಂಡಿ ತನ್ನ ತೋಳಿನಿಂದ ಜೋತ ಎಳೆಯನ್ನು ನೋಡಿ, "ಅಜ್ಜೀ, ಚಿಕ್ಕಿ ನನಗೆ ಸಿಂಬಳ ಹಚ್ತಾ ಇದಾಳೆ" ಎಂದು ಬೀದಿಗೆ ಕೇಳುವ ಹಾಗೆ ಕಿರುಚಿದಳು. ಆ ಮಾತು ಶಾಲೆಗೂ ಹೋಯಿತು, ಪಕ್ಕದ ಮನೆಗೂ ಹೋಯಿತು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ "ಹೇಗಿದೆಯಮ್ಮಾ ನಿನ್ನ ಸಿಂಬಳದ ವ್ಯಾಪಾರ?" ಎಂದು ಕೇಳಿದರೆ ಚಿಕ್ಕಿ ನಗಬೇಕು. ನಕ್ಕಳು. ಗಂಡ ಕನ್ನಡಕದ ಅಂಗಡಿಯವನು, ಇಡೀ ದಿನ ಇನ್ನೊಬ್ಬರ ಕಣ್ಣಿಗೆ ಗಾಜು ಹೊಂದಿಸುವವನು, ಊಟಕ್ಕೆ ಕೂತು ಕೈಯನ್ನು ಮೂಸಿ ನೋಡಿಕೊಂಡು "ಕೈಗುಣ ಅನ್ನೋದು ಒಂದಿರುತ್ತೆ ನೋಡು, ಅದು ಎಲ್ಲರಿಗೂ ಬರಲ್ಲ" ಅಂದ. ಬೇಕೆಂದು ಅಂದದ್ದಲ್ಲ, ಅವನ ಬಾಯಲ್ಲಿ ಮಾತು ಹಾಗೇ ಬರುತ್ತದೆ. ಅತ್ತೆ ಮಾತ್ರ ಎಂದಿನಂತೆ ಊಟದ ಮೊದಲ ತುತ್ತಿಗೇ "ಉಪ್ಪಿಲ್ಲ" ಎಂದು ಉಪ್ಪಿನ ಡಬ್ಬಿಗೆ ಕೈ ಚಾಚಿದರು.

ಹಟಕ್ಕೆ ಬಿದ್ದು ಚಿಕ್ಕಿ ಮತ್ತೆ ಮತ್ತೆ ಮಾಡಿದಳು. ನೀರು ಕಮ್ಮಿ ಮಾಡಿದಳು, ಬೇಗ ಗಟ್ಟಿಯಾಯಿತು, ಲೋಳೆ ಹೋಗಲಿಲ್ಲ. ನೀರಿಗೆ ಉಪ್ಪು ಕರಗಿಸಿ ನೋಡಿದಳು, ಕುಯ್ಯುವಾಗ ಪುಡಿಪುಡಿಯಾಯಿತು. ಕಡೆಯುವಾಗ ಸಾಕೆನ್ನುವ ಹದವೇ ಕಣ್ಣಿಗೆ ಕಾಣುತ್ತಿರಲಿಲ್ಲ; ಚಮಚದಿಂದ ಮೇಲೆ ಗೆರೆ ಎಳೆದರೆ ಗೆರೆ ಉಳಿಯಬೇಕು ಅನ್ನುತ್ತಾರೆ, ಅವಳು ಬಗ್ಗಿ ನೋಡಿದಷ್ಟೂ ಆ ಗೆರೆ ಉಳಿದ ಹಾಗೂ ಇರುತ್ತಿತ್ತು, ಮುಳುಗಿದ ಹಾಗೂ ಇರುತ್ತಿತ್ತು. ಕೊನೆಗೆ ಎಣ್ಣೆ ಅಂಗಡಿಯವನು, ತಾನು ಜನ್ಮದಲ್ಲಿ ಸೋಪು ಮಾಡದಿದ್ದರೂ, "ಕಾಸ್ಟಿಕ್ ಒಂದು ಚೂರು ಜಾಸ್ತಿ ಹಾಕಿ ತಾಯಿ, ಕಲ್ಲಾಗುತ್ತೆ" ಅಂದ. ಕಲ್ಲೇ ಆಯಿತು. ಬಿಳಿ, ಗಟ್ಟಿ, ಉಗುರು ತಾಗಿದರೆ ಠಣ್ಣೆನ್ನುವಂಥದ್ದು, ವರ್ಷಗಟ್ಟಲೆ ಮಾಗಿದ್ದರ ಹಾಗೇ. ಕುಯ್ದ ಗಳಿಗೆಯಲ್ಲಿ, ಇನ್ನೂ ಪೂರಾ ಕಲ್ಲಾಗುವ ಮುಂಚೆ, ಖುಷಿ ತಡೆಯಲಾರದೆ, ಮೇಲಿನ ಸಾಲನ್ನು ನೋಡಿಕೊಂಡು, ಅವಳೂ ಒಂದೊಂದರ ಮೂಲೆಗೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ನಾಲಿಗೆ ಮುಟ್ಟಿಸಿದಳು. ಎಷ್ಟು ಜೋರಾಗಿ ಕಚ್ಚಿತೆಂದರೆ ಕಣ್ಣಲ್ಲಿ ನೀರು ಬಂತು, ನಾಲಿಗೆಯ ತುದಿಯಲ್ಲಿ ಸಣ್ಣ ಬಿಳಿ ಕಲೆ ಎದ್ದು ನಾಲ್ಕಾರು ದಿನ ಹೋಗಲಿಲ್ಲ. ಬಿಸಾಡಲು ಮನಸ್ಸು ಬಾರದೆ ಆ ಬಿಲ್ಲೆಗಳನ್ನೆಲ್ಲ ಕೆಳಗಿನ ಸಾಲಿನಲ್ಲಿ ಹಳೇ ಬಟ್ಟೆಯ ಅಡಿಗೆ ಇಟ್ಟಳು. ಆ ದಿನವೇ, ಉರಿಯುತ್ತಿದ್ದ ನಾಲಿಗೆಯಿಂದಲೇ, ಅದು ಹೇಗೆ ಧೈರ್ಯ ಬಂತೋ, ಮೇಲಿನ ಸಾಲಿನ ಅಕ್ಕನ ಬಿಲ್ಲೆಯೊಂದನ್ನೂ ಮುಟ್ಟಿ ನೋಡಿದಳು. ಏನೂ ಇಲ್ಲ. ಗಾಯದ ಮೇಲಿಟ್ಟರೂ ಕಚ್ಚಲಿಲ್ಲ. ಇನ್ನೊಂದು, ಮತ್ತೊಂದು. ಎಲ್ಲವೂ ಯಾವತ್ತೋ ಆಗಿ, ಸುಮ್ಮನೆ ಮಲಗಿದ್ದವು.

"ರೀ, ಅಕ್ಕನ ಸೋಪು ಆಗಿದೆ ಅನ್ಸುತ್ತೆ" ಎಂದು ಗಂಡನಿಗೆ ಹೇಳಿದಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವನು ಕನ್ನಡಕ ಒರೆಸುವುದನ್ನು ನಿಲ್ಲಿಸದೆ, "ಅಮ್ಮ ನೋಡ್ಕೋತಾಳೆ ಬಿಡು" ಅಂದ. "ಮಗು ಕೆರ್ಕೊಂಡು ಕೆರ್ಕೊಂಡು..." "ಅಮ್ಮ ಇದನ್ನ ನಿನಗಿಂತ ಮುಂಚಿನಿಂದ ಮಾಡ್ತಾ ಬಂದಿದಾಳಲ್ವಾ?" ಅಷ್ಟೇ. ಅತ್ತೆಗೆ ಹೇಳುವುದಂತೂ ದೂರದ ಮಾತು. ನಿನ್ನೆ ಮೊನ್ನೆ ಬಂದವಳು, ಅದೂ ಎರಡನೆಯವಳು, ನಿಮ್ಮ ನಾಲಿಗೆ ಸರಿಯಿಲ್ಲ ಎಂದು ಯಾವ ಬಾಯಲ್ಲಿ ಹೇಳಬೇಕು? ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಮೊಂಡಿಯ ಮಂಡಿಯ ಹಿಂದಿನ ಬಿರುಕು ಬಾಯಿ ತೆರೆದು, ಹಾಸಿಗೆಯ ಮೇಲೆ ಬೆಳಗ್ಗೆ ಬೆಳಗ್ಗೆ ಕಂದು ಕಲೆಗಳು ಕಾಣತೊಡಗಿದವು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಚಿಕ್ಕಿ ಆ ಕೋಣೆಗೆ ಹೋಗಿ, ಮೇಲಿನ ಸಾಲಿನ ತುದಿಯ ಬಿಲ್ಲೆಯನ್ನು ತೆಗೆದು, ಖಾಲಿ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಂಡದ್ದರಿಂದ ಅಲ್ಲಿ ತನ್ನ ಕಚ್ಚುವ ಬಿಲ್ಲೆಯೊಂದನ್ನು ಇಟ್ಟಳು. ನೋಡಿದರೆ ಹೆತ್ತ ತಾಯಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆಮೇಲೆ ಅಡುಗೆಮನೆಯಲ್ಲಿ ಕೂತು ಅಕ್ಕನ ಬಿಲ್ಲೆಯ ಮೂಲೆಯ ಗುಳಿಯನ್ನು ಚಾಕುವಿನಿಂದ ಹೆರೆದಳು. ಹೆಬ್ಬೆಟ್ಟಿನ ಸಣ್ಣ ಸಣ್ಣ ಗೆರೆಗಳು ಅದರಲ್ಲಿ ಇನ್ನೂ ಇದ್ದವು ಎಂದು ಅವಳಿಗೆ ಆಗ ಗೊತ್ತಾಯಿತು. ಸುರುಳಿಯಾಗಿ ಬಿದ್ದ ಹೆರಕಲನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡು ಅಡುಗೆಮನೆಯಲ್ಲಿ ಎರಡು ಸುತ್ತು ಸುತ್ತಿ, ಕೊನೆಗೆ ಪಾತ್ರೆ ತೊಳೆಯುವ ನೀರಿಗೆ ಹಾಕಿಬಿಟ್ಟಳು.

ಆ ಸಂಜೆ ಬಚ್ಚಲಲ್ಲಿ ನೊರೆ ಬಂದ ಪರಿಯನ್ನು ಏನೆಂದು ಹೇಳುವುದು. ತೆಳ್ಳಗೆ ಶುರುವಾಗಿ, ಕೈ ಆಡಿಸಿದಷ್ಟೂ ದಪ್ಪಗಾಗಿ, ಮಗುವಿನ ಬೆನ್ನನ್ನೆಲ್ಲ ಹೊದ್ದುಕೊಂಡು ನಿಂತಿತು. ಮೊಂಡಿ ಸುಮ್ಮನಾದಳು. ಅವಳು ಸ್ನಾನದಲ್ಲಿ ಸುಮ್ಮನಿದ್ದದ್ದನ್ನು ಚಿಕ್ಕಿ ಅದೇ ಮೊದಲು ನೋಡಿದ್ದು. "ಇದು ನೀನು ಮಾಡಿದ್ದಾ?" ಎಂದು ನೊರೆಯೊಳಗಿನಿಂದ ಕೇಳಿದಳು. "ಹೂಂ" ಅಂದಳು ಚಿಕ್ಕಿ. ಬಾಯಿಂದ ಬಂದದ್ದು ಅಷ್ಟೇ, ಒಂದಕ್ಷರ. ಆಮೇಲೆ ಎಷ್ಟು ಸಲ ಅದನ್ನು ವಾಪಸು ನುಂಗಲು ನೋಡಿದರೂ ಆಗಲಿಲ್ಲ. ಆ ದಿನ ಮೊಂಡಿ ಮೊದಲ ಸಲ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಒದ್ದೆ ಕೂದಲಿನ ವಾಸನೆ ಹಿಂದಿನ ಕೋಣೆಯದೇ ವಾಸನೆ. ಚಿಕ್ಕಿಗೆ ಕಾಲು ಜೋಮು ಹಿಡಿದರೂ ಕದಲಲಿಲ್ಲ. ಸಂತೋಷವಾಗಿತ್ತು, ಅದನ್ನು ಬೇರೆ ಏನೋ ಎಂದು ಹೇಳಿದರೆ ಸುಳ್ಳಾಗುತ್ತದೆ. ಭಯವೂ ಇತ್ತು, ಆದರೆ ಸಂತೋಷವೇ ಜಾಸ್ತಿ ಇತ್ತು.

ಒಂದು ಮುಗಿದರೆ ಇನ್ನೊಂದು. ಮೊಂಡಿಯ ಮೈ ಮಾಯುತ್ತ ಬಂತು, ಬಿರುಕುಗಳು ಕೂಡಿಕೊಂಡವು, ಹಾಸಿಗೆ ಬೆಳ್ಳಗಾಯಿತು. ಗಂಡ ಮಗಳ ತೋಳನ್ನು ಬೆಳಕಿಗೆ ಹಿಡಿದು, ಗಿರಾಕಿಯ ಗಾಜನ್ನು ನೋಡುವಂತೆ ನೋಡಿ, "ಪರವಾಗಿಲ್ಲ ಕಣೇ, ಕೈ ಕುದುರಿತು ನಿಂಗೆ" ಅಂದ. ಪಕ್ಕದಾಕೆ ಗೋಡೆಯಾಚೆಯಿಂದ ನನಗೂ ಒಂದು ಬಿಲ್ಲೆ ಕೊಡು ಎಂದು ಕೇಳಿದಳು, ಚಿಕ್ಕಿ ಮುಂದಿನ ಸಲ ಅಂದಳು. ಮಧ್ಯಾಹ್ನಗಳಲ್ಲಿ ಅಡುಗೆಮನೆಯಲ್ಲಿ ಕೂತು ಒಂದೊಂದೇ ಹೆಬ್ಬೆಟ್ಟನ್ನು ಹೆರೆಯುತ್ತಿದ್ದಳು, ಈಗ ಅದು ಬಾಳೆಕಾಯಿ ಸಿಪ್ಪೆ ತೆಗೆದಷ್ಟು ಸಲೀಸು. ಮೇಲಿನ ಸಾಲುಗಳಲ್ಲಿ ಒಂದು ತುದಿಯಿಂದ ಅಕ್ಕ ಕಮ್ಮಿಯಾಗುತ್ತ ಬಂದಳು, ಇವಳು ತುಂಬುತ್ತ ಬಂದಳು. ಮಗ್ಗುಲು ಬದಲಾಯಿಸುವಾಗ ಒಮ್ಮೊಮ್ಮೆ ಯಾವುದು ಯಾರದ್ದೆಂದು ಅವಳಿಗೇ ಗುರುತು ಹತ್ತುತ್ತಿರಲಿಲ್ಲ. ನಾಲಿಗೆಯೊಂದೇ ಹೇಳಬೇಕು, ಮುಟ್ಟಿಸಿದರೆ ಕಚ್ಚಿದ್ದು ತನ್ನದು, ಕಚ್ಚದೆ ಸುಮ್ಮನಿದ್ದದ್ದು ಸತ್ತವಳದ್ದು. ಕನ್ನಡಿಯ ಮುಂದೆ ನಿಂತಾಗ ತನ್ನ ಮುಖವೂ ಸ್ವಲ್ಪ ಬಿಳಿಚಿಕೊಂಡ ಹಾಗೆ, ಮೈ ಹಗುರಾದ ಹಾಗೆ ಅನ್ನಿಸುತ್ತಿತ್ತು. ಬಟ್ಟೆಗಳು ಸಡಿಲವಾಗಿದ್ದಂತೂ ನಿಜ. ಈ ನಡುವೆ ಒಂದು ದಿನ ಅತ್ತೆ ಬಂದು, ಚಿಕ್ಕಿಯ ಕಣ್ಣೆದುರಿಗೇ, ಚಿಕ್ಕಿಯೇ ಇಟ್ಟ ಬಿಲ್ಲೆಯೊಂದನ್ನು ಎತ್ತಿಕೊಂಡರು. ಅತ್ತೆ ಅಂಗೈಯಿಂದ ಒರೆಸಿದರು, ನಾಲಿಗೆ ಮುಟ್ಟಿಸಿದರು, ಕಣ್ಣು ಮುಚ್ಚಿದರು. "ಇನ್ನೂ ಕಚ್ಚುತ್ತೆ" ಅಂದರು. ಎಂದಿನದೇ ದನಿ, ಎಂದಿನದೇ ಮುಖ. ಚಿಕ್ಕಿಗೆ ನಾಲ್ಕು ದಿನ ಉರಿ ಕೊಟ್ಟ ಬಿಲ್ಲೆ ಅವರ ಮುಖದ ಒಂದು ಸುಕ್ಕನ್ನೂ ಅಲುಗಿಸಲಿಲ್ಲ. ಬಚಾವಾದೆ ಎಂದುಕೊಂಡಳು ಚಿಕ್ಕಿ. ಆಮೇಲೆ, ಪಾತ್ರೆ ತೊಳೆಯುತ್ತಿರುವಾಗ, ಅದು ಬಚಾವಾದದ್ದಲ್ಲ, ಬೇರೇನೋ ಎಂದು ಹೊಳೆಯಿತು. ಅದೇನೆಂದು ಯೋಚಿಸಲು ಅವಳು ಹೋಗಲಿಲ್ಲ.

ಅಕ್ಕನ ಕೊನೆಯ ಬಿಲ್ಲೆ ಹೋದ ವಾರ ಹೆರೆದದ್ದು, ನಿನ್ನೆ ಸಂಜೆ ಸ್ನಾನದಲ್ಲಿ ಕರಗಿ ಮುಗಿಯಿತು. ಇವತ್ತು ಮೇಲಿನ ಸಾಲುಗಳಲ್ಲಿ ಇರುವುದೆಲ್ಲ ಚಿಕ್ಕಿಯದೇ, ಒಂದೊಂದೂ ಕಚ್ಚುವಂಥದ್ದೇ. ಅದಕ್ಕೇ ಅವಳು ಹೊಸ್ತಿಲಲ್ಲಿ ನಿಂತದ್ದು. ಒಳಗೆ ಯಾರೂ ಇಲ್ಲ ಎಂದು ಮೈಗೆಲ್ಲ ಗೊತ್ತಾಗುತ್ತಿತ್ತು. ಹಾಗಾದರೆ ಇಷ್ಟು ದಿನ ಇದ್ದದ್ದು ಯಾರು? ಒಂದೊಂದಾಗಿ ಎತ್ತಿ ತಿರುಗಿಸತೊಡಗಿದಳು, ಎರಡೂ ಕೈ ಹಾಕಿ, ಅಭ್ಯಾಸಬಲದಿಂದ. ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ಅತ್ತೆ ಬಂದು ಪಕ್ಕದಲ್ಲಿ ನಿಂತರು. ಈಚೆಗೆ ಅವರು ಮಾತು ಕಮ್ಮಿ ಮಾಡಿದ್ದರು. ಮೊಂಡಿ ಶಾಲೆಯಿಂದ ಬಂದವಳು ಅಜ್ಜಿಯನ್ನು ದಾಟಿಕೊಂಡು ಚಿಕ್ಕಿಯ ಹತ್ತಿರ ಓಡುತ್ತಿದ್ದಳು, ಊಟಕ್ಕೆ ಚಿಕ್ಕಿಯೇ ಬೇಕು, ಜಡೆಗೆ ಚಿಕ್ಕಿಯೇ ಬೇಕು. ನಿನ್ನೆ ಊಟದ ಹೊತ್ತಿಗೆ "ಚಿಕ್ಕಿ ಸೋಪು ಅಮ್ಮನ ಸೋಪಿಗಿಂತ ಚೆನ್ನಾಗಿದೆ" ಎಂದು ಬೇರೆ ಅಂದುಬಿಟ್ಟಿದ್ದಳು. ಅತ್ತೆ ಆಗ ತಟ್ಟೆ ಬಿಟ್ಟು ಎದ್ದಿದ್ದರು. ಈಗ ಮೇಲಿನ ಸಾಲಿಂದ ಒಂದು ಬಿಲ್ಲೆ ತೆಗೆದು, ಒರೆಸಿ, ನಾಲಿಗೆ ಮುಟ್ಟಿಸಿ, ಈ ಸಲ ಕಣ್ಣು ಮುಚ್ಚದೆ ಚಿಕ್ಕಿಯನ್ನೇ ನೋಡುತ್ತ, "ಆಯ್ತು" ಅಂದರು. "ನಮ್ಮವಳ ಸೋಪು ಆಯ್ತು ಕಣೇ. ಒಂದು ಚೂರೂ ಕಚ್ಚಲ್ಲ. ಇವತ್ತು ರಜ ಅಲ್ವಾ, ಮೊಂಡಿಗೆ ನಾನೇ ಸ್ನಾನ ಮಾಡಿಸ್ತೀನಿ. ಯಾರದು ಚೆನ್ನಾಗಿದೆ ಅಂತ ಅವಳೇ ಹೇಳ್ಲಿ."

ಅತ್ತೆ ಬಿಲ್ಲೆ ಹಿಡಿದು ಹೋದರು. ಬಚ್ಚಲಲ್ಲಿ ಬಕೆಟ್ಟು ಎಳೆದ ಸದ್ದು, ನಲ್ಲಿಯ ಸದ್ದು, "ಬಾರೇ ಮೊಂಡಿ" ಎಂದು ಕರೆದ ಸದ್ದು. ಬದಲಿಸಿ ಕೊಡೋಣವೆಂದರೆ ಅಕ್ಕನದೊಂದು ಚೂರೂ ಉಳಿದಿಲ್ಲ. ಆಗ ಅವಳ ತಲೆಯೊಳಗೆ ಒಂದು ಮಾತು ಬಂತು, ತನ್ನದೇ ದನಿಯಲ್ಲಿ, ಬಹಳ ಮೆತ್ತಗೆ: ಸುಡಲಿ ಬಿಡು. ಒಂದೇ ಸಲ ಸುಟ್ಟರೆ ಸಾಕು, ನಾಲ್ಕು ಗುಳ್ಳೆ ಎದ್ದರೆ ಸಾಕು, ಅಕ್ಕನ ಸೋಪಿನ ಹೆಸರನ್ನು ಈ ಮನೆಯಲ್ಲಿ ಮತ್ತೆ ಯಾರೂ ಎತ್ತುವುದಿಲ್ಲ. ಅತ್ತೆಯೇ ಎಲ್ಲ ಬಿಲ್ಲೆಗಳನ್ನೂ ಕಸಕ್ಕೆ ಹಾಕುತ್ತಾರೆ. ಮಗು ಅಳುತ್ತ ಓಡಿಬರುವುದು ನಿನ್ನ ಹತ್ತಿರಕ್ಕೇ. ಗಾಯ ಮಾಯುತ್ತದೆ, ಮಕ್ಕಳ ಚರ್ಮ ತಾನೇ, ಬೇಗ ಮಾಯುತ್ತದೆ. ಗೂಡಿನ ಪಟ್ಟಿಯನ್ನು ಹಿಡಿದುಕೊಂಡು ಅವಳು ನಿಂತೇ ಇದ್ದಳು. ಹಾಗೆ ನಿಂತದ್ದು ಎಷ್ಟು ಹೊತ್ತೋ. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು, ಅದು ಅವಳಿಗೂ ಗೊತ್ತು. ಮೊಂಡಿ ಬಟ್ಟೆ ಬಿಚ್ಚುವಾಗ ಹಾಡಿಕೊಳ್ಳುವ ಅರ್ಥವಿಲ್ಲದ ಹಾಡು ಬಚ್ಚಲಿಂದ ಕೇಳಿತು. ಮಂಡಿಯ ಹಿಂದಿನ ಹೊಸ ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿತ್ತು, ನಿನ್ನೆಯಷ್ಟೇ ಬೆರಳಿನಿಂದ ಮುಟ್ಟಿ ನೋಡಿದ್ದಳು. ಆ ಬೆರಳಿಗೆ ಈಗ ಅದು ನೆನಪಾಯಿತು. ಓಡಿದಳು.

ಅತ್ತೆ ಸ್ಟೂಲಿನ ಮೇಲೆ ಕೂತು ಬಿಲ್ಲೆಯನ್ನು ಬಕೆಟ್ಟಿಗೆ ಅದ್ದಿ ಅಂಗೈಯಲ್ಲಿ ತಿರುವುತ್ತಿದ್ದರು. ಮೊಂಡಿ ಎದುರಿಗೆ ಬರಿಮೈಯಲ್ಲಿ, ಇನ್ನೂ ಒಣಗಿಯೇ ನಿಂತಿದ್ದಳು.

"ಅತ್ತೆ, ಅದು ಹಚ್ಚಬೇಡಿ."

"ಯಾಕಮ್ಮಾ? ಅವಳ ತಾಯಿ ಅವಳಿಗೇಂತ ಮಾಡಿಟ್ಟದ್ದು. ನಿನಗ್ಯಾಕೆ ಹೊಟ್ಟೆಯುರಿ?"

"ಅದು ಅಕ್ಕ ಮಾಡಿದ್ದಲ್ಲ, ನಾನು ಮಾಡಿದ್ದು. ಕಾಸ್ಟಿಕ್ ಜಾಸ್ತಿಯಾಗಿದೆ. ಕಚ್ಚುತ್ತೆ."

"ನಾಲಿಗೆಗಿಟ್ಟು ನೋಡಿದೆನಲ್ಲೇ. ಕಚ್ಚಲಿಲ್ಲ."

"ನಿಮಗೆ ಯಾವುದೂ ಕಚ್ಚಲ್ಲ ಅತ್ತೆ" ಅಂದಳು ಚಿಕ್ಕಿ. ಅಂದ ಮೇಲೇ ಅದು ನಿಜವೆಂದು ಅವಳಿಗೆ ಗೊತ್ತಾದದ್ದು. ಬಗ್ಗಿ ಅವರ ಕೈಯಿಂದ ಬಿಲ್ಲೆಯನ್ನು ಕಿತ್ತುಕೊಂಡು ಬಕೆಟ್ಟಿನ ನೀರನ್ನು ಅವರ ಅಂಗೈಗೆ ಸುರಿದಳು. ಅಂಗೈ ಆಗಲೇ ಕೆಂಪಾಗಿತ್ತು. ಅತ್ತೆ ಆ ಕೆಂಪನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರು ಬಯ್ಯುತ್ತಾರೆ, ಕೂಗುತ್ತಾರೆ ಎಂದುಕೊಂಡಿದ್ದಳು. "ಅವಳು ಹೋದಾಗಿಂದ ನಾಲಿಗೆಗೆ ಏನೂ ಹತ್ತಲ್ಲ ಕಣೇ" ಅಂದರು, ಯಾರದೋ ವಿಷಯ ಹೇಳುವ ಹಾಗೆ. "ಉಪ್ಪಿಲ್ಲ, ಹುಳಿಯಿಲ್ಲ. ಮಾಡ್ತಾ ಇದ್ದದ್ದು ಸರಿಯಲ್ಲ ಅಂತ ಗೊತ್ತಿತ್ತು. ಆಯ್ತು ಅಂತ ಒಂದು ಮಾತು ಅಂದ್ರೆ ಅವಳು ಮಾಡಿಟ್ಟದ್ದು ದಿನಾ ಇಷ್ಟಿಷ್ಟು ತೊಳೆದು ಹೋಗ್ತಿತ್ತಲ್ಲ. ಎಲ್ಲಿಂದ ತರ್ತಿದ್ದೆ ಮತ್ತೆ?" ಆಮೇಲೆ ತಲೆಯೆತ್ತಿ, "ಅವಳದು ಎಲ್ಲಿಟ್ಟೆ?" ಎಂದು ಕೇಳಿದರು.

ಅದನ್ನೇ ಕೇಳಬೇಕೆಂದಿದ್ದವಳಂತೆ ಮೊಂಡಿಯೂ ಚಿಕ್ಕಿಯ ಮುಖ ನೋಡಿದಳು. "ಅಮ್ಮನ ಸೋಪು ಎಲ್ಲಿ ಚಿಕ್ಕಿ?"

ಸುಳ್ಳು ಹೇಳಬಹುದಿತ್ತು. ಇಲಿ ತಿಂತು ಅನ್ನಬಹುದಿತ್ತು, ಕೆಟ್ಟು ಹೋಯಿತು ಅನ್ನಬಹುದಿತ್ತು. ಈ ಮನೆಯಲ್ಲಿ ಸುಳ್ಳು ಅವಳಿಗೆ ಯಾವತ್ತೂ ಮುಂದಾಗಿ ಒದಗಿ ಬರುತ್ತಿತ್ತು. ಇವತ್ತು ಬರಲಿಲ್ಲ. "ಮುಗೀತು ಮಗಾ" ಅಂದಳು. "ಇಷ್ಟು ದಿನ ನಿನಗೆ ಹಚ್ಚಿದ್ದು ಅದೇ. ನಾನು ಮಾಡಿದ್ದು ಅಂತ ಸುಳ್ಳು ಹೇಳ್ದೆ. ನಿನ್ನೆದೇ ಕೊನೆ."

"ನಿನ್ನೆದು ಅಮ್ಮಂದಾ?"

"ಹೂಂ."

ಮೊಂಡಿ ಅಳಲಿಲ್ಲ. ತನ್ನ ತೋಳನ್ನು ಎತ್ತಿ ನೋಡಿದಳು, ಆ ಕಡೆ ಈ ಕಡೆ ತಿರುಗಿಸಿ, ಅಜ್ಜಿ ಅಂಗೈ ನೋಡಿಕೊಂಡ ಹಾಗೇ. ಮೂಗಿನ ಹತ್ತಿರ ತಂದು ಮೂಸಿದಳು. ಮೊಣಕೈ ಮಡಿಕೆಯನ್ನು ಮೂಸಿದಳು, ಭುಜವನ್ನು ಮೂಸಿದಳು, ತಲೆ ಬಗ್ಗಿಸಿ ಮುಟ್ಟುವಷ್ಟು ದೂರ ತನ್ನ ಎದೆಯನ್ನು ಮೂಸಿದಳು. ಆಮೇಲೆ ಬಕೆಟ್ಟಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದ ಬಿಚ್ಚಿದ ಬಟ್ಟೆಯನ್ನೇ ತೆಗೆದುಕೊಂಡು ಹಾಕಿಕೊಳ್ಳತೊಡಗಿದಳು. ತೋಳಿಗೆ ತೋಳು ಸಿಗದೆ ಒದ್ದಾಡಿದಳು. ಚಿಕ್ಕಿ ಹಾಕಿಕೊಡಲು ಬಗ್ಗಿದಳು.

"ಮುಟ್ಟಬೇಡ. ನಿನ್ನ ಕೈ ಒದ್ದೆ ಇದೆ" ಅಂದಳು ಮೊಂಡಿ. ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು, ಎರಡೂ ಕೈಗಳಿಂದ ತನ್ನನ್ನು ತಾನೇ ಬಿಗಿಯಾಗಿ ಹಿಡಿದುಕೊಂಡು, "ನಾನಿನ್ನು ಸ್ನಾನ ಮಾಡಲ್ಲ, ಯಾವತ್ತೂ ಮಾಡಲ್ಲ" ಎಂದಳು. ನೆಲದ ನೀರು ಕಾಲಿಗೆ ಸಿಡಿಯದ ಹಾಗೆ ಮಗು ಒಣಗಿದ ಜಾಗ ಹುಡುಕಿ ಹುಡುಕಿ ಹೆಜ್ಜೆ ಇಡುತ್ತ ಬಾಗಿಲ ಕಡೆ ಬಂದಳು. ಚಿಕ್ಕಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಗೆ ಒರಗಿ, ಅವಳಿಗೆ ದಾರಿ ಬಿಟ್ಟು ನಿಂತಳು.